ಮಹಾಪಧಮನಿಯ ಸೀಳಿಗೆ ಸ್ಟೆಂಟ್ ಗ್ರಾಫ್ಟ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತಿರುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪುಟವನ್ನು ಬರೆದಿದ್ದೇನೆ. ವೈದ್ಯರು ಐದು ನಿಮಿಷದಲ್ಲಿ ವಿವರಿಸಿ ಒಳಗೆ ಹೋದ ಮೇಲೆ ಒಂದೊಂದಾಗಿ ಪ್ರಶ್ನೆಗಳು ಏಳುತ್ತವೆ, ಅವನ್ನು ಯಾರಲ್ಲಿ ಕೇಳಬೇಕೆಂದು ತೋಚುವುದಿಲ್ಲ. ಅಂತಹ ಪ್ರಶ್ನೆಗಳೇ ಇಲ್ಲಿವೆ. ನಿಮ್ಮ ರೋಗಿಯ ಸಿಟಿ ಸ್ಕ್ಯಾನ್ ಅನ್ನು ಕಣ್ಣಾರೆ ನೋಡಿದ ವೈದ್ಯರ ಮಾತಿಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ, ವೈದ್ಯರ ಮಾತನ್ನೇ ಹಿಡಿಯಿರಿ.

ಮಹಾಪಧಮನಿ ಸೀಳುವುದು ಎಂದರೆ ಏನಾಗುತ್ತದೆ?

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವೇ ಮಹಾಪಧಮನಿ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಅಯೋರ್ಟಾ ಎಂದೇ ಕರೆಯುತ್ತಾರೆ. ಅದು ಹೃದಯದಿಂದ ಮೇಲಕ್ಕೇರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಎಡಮಗ್ಗುಲಿನಲ್ಲಿ ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳತ್ತ ಸಾಗುತ್ತದೆ. ದಾರಿಯುದ್ದಕ್ಕೂ ಮಿದುಳು, ಕೈಗಳು, ಬೆನ್ನುಹುರಿ, ಕರುಳು, ಮೂತ್ರಪಿಂಡಗಳಿಗೆ ಕವಲುಗಳನ್ನು ಕೊಡುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೃದಯದಿಂದ ಹೊರಟು ಈ ನಾಳಕ್ಕೆ ಬರುತ್ತದೆ.

ಈ ನಾಳದ ಗೋಡೆ ಸುಮಾರು 2 ಮಿಲಿಮೀಟರ್ ದಪ್ಪವಿದ್ದು, ಬಾಳೆದಿಂಡಿನಂತೆ ಪದರ ಪದರವಾಗಿರುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಪದರಗಳು. ತೀರ ಒಳಗಿನ ತೆಳುಪದರ ಎಲ್ಲೋ ಒಂದೆಡೆ ಹರಿದರೆ, ಹೃದಯ ಪ್ರತಿ ಬಡಿತಕ್ಕೂ ತಳ್ಳುವ ರಕ್ತ ಆ ಬಾಯಿಯಿಂದ ಗೋಡೆಯೊಳಕ್ಕೆ ನುಗ್ಗಿ, ಪದರಗಳನ್ನು ಉದ್ದಕ್ಕೂ ಬಿಡಿಸುತ್ತಾ ಹೋಗುತ್ತದೆ. ಹಳೆಯ ಗೋಡೆಯ ಗಿಲಾವಿನ ಹಿಂದೆ ನೀರು ಸೇರಿ ಗಿಲಾವು ಹಲಗೆಯಾಗಿ ಏಳುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೀಗೆ ಒಂದೇ ನಾಳದೊಳಗೆ ಎರಡು ದಾರಿಗಳಾಗುತ್ತವೆ: ಮೊದಲಿನಿಂದ ಇದ್ದ ನಿಜವಾದ ದಾರಿ ಮತ್ತು ಗೋಡೆಯೊಳಗೆ ಹೊಸದಾಗಿ ಆದ ಸುಳ್ಳು ದಾರಿ. ಸುಳ್ಳು ದಾರಿಗೆ ಹೊರಗಿನ ತೆಳುಪದರವೊಂದೇ ಆಸರೆ; ಅದು ಒಡೆದರೆ ರಕ್ತ ಎದೆಯೊಳಕ್ಕೆ ಹರಿಯುತ್ತದೆ. ಒಡೆಯದಿದ್ದರೂ ಸುಳ್ಳು ದಾರಿ ಉಬ್ಬಿ ನಿಜವಾದ ದಾರಿಯನ್ನು ಅದುಮಿದರೆ, ಮುಂದಿನ ಅಂಗಗಳಿಗೆ ರಕ್ತ ತಲುಪುವುದಿಲ್ಲ. ವೈದ್ಯರು ಅಯೋರ್ಟಿಕ್ ಡಿಸೆಕ್ಷನ್ ಎನ್ನುವುದು ಇದಕ್ಕೇ.

ನೋವು ಹೇಗಿರುತ್ತದೆ? ಮೊದಲು ಹೃದಯಾಘಾತ ಎಂದಿದ್ದರಲ್ಲ?

ಈ ಕಾಯಿಲೆಯಲ್ಲಿ ಸಮಯ ಕಳೆದುಹೋಗುವುದು ಹೆಚ್ಚಾಗಿ ಇಲ್ಲಿಯೇ. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೃದಯಾಘಾತದ ನೋವು ಬಹುಮಟ್ಟಿಗೆ ಎದೆ ಬಿಗಿದಂತೆ, ಭಾರ ಇಟ್ಟಂತೆ ಶುರುವಾಗಿ ನಿಧಾನವಾಗಿ ಏರುತ್ತದೆ. ಮಹಾಪಧಮನಿ ಸೀಳಿದಾಗ ಬರುವ ನೋವು ಮೊದಲ ಕ್ಷಣದಲ್ಲೇ ತನ್ನ ಪೂರ್ತಿ ಬಲದಲ್ಲಿ ಬರುತ್ತದೆ. ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಬಂತು ಎಂದು ರೋಗಿ ನಿಖರವಾಗಿ ಹೇಳಬಲ್ಲರು. ಎದೆಯ ಮುಂಭಾಗದಲ್ಲಿ ಅಥವಾ ಎರಡು ಹೆಗಲ ಮೂಳೆಗಳ ನಡುವೆ ಬೆನ್ನಿನಲ್ಲಿ, ಚಾಕುವಿನಿಂದ ತಿವಿದಂತೆ ಅಥವಾ ಬಟ್ಟೆ ಹರಿದಂತೆ ಕಾಣಿಸಿಕೊಂಡು, ಕೆಲವರಲ್ಲಿ ಸೊಂಟದ ಕಡೆಗೆ ಇಳಿಯುತ್ತದೆ. ಜೊತೆಗೆ ಕಣ್ಣು ಕತ್ತಲೆ ಬರಬಹುದು, ಒಂದು ಕಾಲು ತಣ್ಣಗಾಗಿ ಮರಗಟ್ಟಬಹುದು, ಹೊಟ್ಟೆನೋವು ಬರಬಹುದು, ಮಾತು ತೊದಲಬಹುದು.

ಮನೆಯಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸಿ ಮಲಗಿಸುವುದುಂಟು. ಬೆನ್ನು ಹಿಡಿದಿದೆ ಎಂದು ಎಣ್ಣೆ ಹಚ್ಚಿ ನೀವುವುದುಂಟು. ಆಸ್ಪತ್ರೆಗೆ ಬಂದ ಮೇಲೂ ಇಸಿಜಿ ಸರಿಯಾಗಿಯೇ ಇರಬಹುದು, ಅಥವಾ ಹೃದಯಾಘಾತವನ್ನೇ ಹೋಲುವ ಬದಲಾವಣೆ ತೋರಿಸಬಹುದು. ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ, ಸೀಳಿದ ಮಹಾಪಧಮನಿಗೆ ಅದೇ ಮದ್ದು ಪ್ರಾಣಾಂತಿಕವಾಗಬಹುದು. ಎರಡೂ ತೋಳಿನಲ್ಲಿ ಬಿಪಿ ನೋಡಿದಾಗ 20 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದೊಂದು ಮುಖ್ಯ ಸುಳಿವು. ವ್ಯತ್ಯಾಸ ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಸಂದೇಹವನ್ನು ಬಹುಪಾಲು ಬಗೆಹರಿಸುವ ಪರೀಕ್ಷೆ ಸಿಟಿ ಆಂಜಿಯೋಗ್ರಾಮ್, ಅಂದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್. ಆದ್ದರಿಂದ ನೋವು ಶುರುವಾದ ಬಗೆಯನ್ನು ರೋಗಿಯ ಮಾತಿನಲ್ಲೇ ವೈದ್ಯರಿಗೆ ಹೇಳಿ. "ಎದೆನೋವು" ಎಂದಷ್ಟೇ ಹೇಳುವುದಕ್ಕಿಂತ "ನೀರು ಸೇದುತ್ತಿದ್ದಾಗ ಇದ್ದಕ್ಕಿದ್ದಂತೆ ಬೆನ್ನು ಸೀಳಿದಂತಾಯಿತು" ಎನ್ನುವ ಮಾತಿನಲ್ಲಿ ವೈದ್ಯರಿಗೆ ಸಿಗುವ ಮಾಹಿತಿ ಎಷ್ಟೋ ಹೆಚ್ಚು.

ಎ ವಿಧ, ಬಿ ವಿಧ ಎಂದರೇನು?

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 1970ರಲ್ಲಿ ಮಾಡಿದ ಈ ವಿಂಗಡಣೆ ತುಂಬ ಸರಳವಾದದ್ದು. ಹೃದಯದಿಂದ ಮೇಲಕ್ಕೇರುವ ಭಾಗದಲ್ಲಿ ಸೀಳು ಇದ್ದರೆ ಅದು ಎ ವಿಧ. ಆ ಭಾಗ ಚೆನ್ನಾಗಿದ್ದು, ಎಡಗೈಗೆ ಹೋಗುವ ನಾಳದ ಆಚೆ ಕೆಳಗಿಳಿಯುವ ಭಾಗ ಸೀಳಿದ್ದರೆ ಅದು ಬಿ ವಿಧ. ಎ ವಿಧಕ್ಕೆ ಎದೆ ತೆರೆದು ಮಾಡುವ ತುರ್ತು ಶಸ್ತ್ರಚಿಕಿತ್ಸೆಯೇ ದಾರಿ. ಅಲ್ಲಿ ಮೊದಲ ಎರಡು ದಿನಗಳಲ್ಲಿ ಕಳೆದ ಪ್ರತಿ ಗಂಟೆಯೂ ಸಾವಿನ ಸಂಭವವನ್ನು ಹೆಚ್ಚಿಸುತ್ತದೆ. ಈ ಪುಟದ ವಿಷಯವಾದ ಸ್ಟೆಂಟ್ ಗ್ರಾಫ್ಟ್, ಅಂದರೆ ತೊಡೆಯ ನಾಳದಿಂದ ಒಳಸೇರಿಸಿ ಸೀಳಿನ ಬಾಯಿಯನ್ನು ಮುಚ್ಚುವ ಬಟ್ಟೆಯ ಕೊಳವೆ, ಮುಖ್ಯವಾಗಿ ಬಿ ವಿಧಕ್ಕೆ. "ಪಕ್ಕದ ಮನೆಯವರಿಗೆ ತೊಡೆಯಿಂದಲೇ ಮಾಡಿದರು, ನಮಗೇಕೆ ಎದೆ ತೆರೆಯುತ್ತೀರಿ" ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ: ಕಾಯಿಲೆಯ ಹೆಸರು ಒಂದೇ ಆದರೂ ಸೀಳಿದ ಜಾಗ ಬೇರೆ. ಮೇಲೇರುವ ಭಾಗದಲ್ಲಿ ಹೃದಯದ ಕವಾಟ ಮತ್ತು ಹೃದಯಕ್ಕೇ ರಕ್ತ ಕೊಡುವ ನಾಳಗಳ ಬಾಯಿಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದರಿಂದ, ಅಲ್ಲಿ ಕೊಳವೆ ಕೂರಿಸಲು ಸಾಮಾನ್ಯವಾಗಿ ಸುರಕ್ಷಿತವಾದ ಜಾಗವೇ ಸಿಗುವುದಿಲ್ಲ.

ಇದು ಯಾರಿಗೆ ಬರುತ್ತದೆ?

ಅತಿ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ರಕ್ತದೊತ್ತಡ. ಹಲವು ದೇಶಗಳ ಆಸ್ಪತ್ರೆಗಳು ಸೇರಿ 1996ರಿಂದ ಇಟ್ಟುಕೊಂಡು ಬಂದಿರುವ ಅಂತಾರಾಷ್ಟ್ರೀಯ ದಾಖಲೆಯ ಮೊದಲ ದೊಡ್ಡ ವರದಿಯಲ್ಲಿ, ನೂರು ರೋಗಿಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಬಿಪಿ ಇತ್ತು. ಧೂಮಪಾನ, ಮೊದಲೇ ಉಬ್ಬಿರುವ ಮಹಾಪಧಮನಿ, ಹುಟ್ಟಿನಿಂದ ಎರಡೇ ದಳವಿರುವ ಹೃದಯ ಕವಾಟ, ಕೊಕೇನಿನಂಥ ಮಾದಕವಸ್ತುಗಳು ಉಳಿದ ಕಾರಣಗಳಲ್ಲಿ ಸೇರಿವೆ. ನಲವತ್ತರ ಒಳಗಿನವರಲ್ಲಿ ಕಂಡುಬಂದರೆ ಮಾರ್ಫಾನ್, ಲೋಯ್ಸ್-ಡೀಟ್ಸ್ ಮೊದಲಾದ ಅನುವಂಶೀಯ ಕಾಯಿಲೆಗಳನ್ನು ಹುಡುಕಬೇಕು. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಬಾಣಂತಿಯ ಬೆನ್ನುನೋವನ್ನು ಹಗುರವಾಗಿ ತಳ್ಳಿಹಾಕುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಇಲ್ಲಿ ಹೇಳಲೇಬೇಕೆನಿಸಿತು.

ಇದು ಹೃದಯಕ್ಕೆ ಹಾಕುವ ಸ್ಟೆಂಟೇ?

ಅಲ್ಲ. ಹೃದಯದ ನಾಳಕ್ಕೆ ಹಾಕುವ ಸ್ಟೆಂಟ್ ಸುಮಾರು 3 ಮಿಲಿಮೀಟರ್ ಅಗಲದ ಬರಿಯ ಲೋಹದ ಜಾಲರಿ. ಕಟ್ಟಿಕೊಂಡ ನಾಳವನ್ನು ತೆರೆದಿಡುವುದು ಅದರ ಕೆಲಸ. ಸ್ಟೆಂಟ್ ಗ್ರಾಫ್ಟ್ ಎಂಬುದು ಬಟ್ಟೆಯ ಕೊಳವೆ. ಪಾಲಿಯೆಸ್ಟರ್ ಅಥವಾ ಪಿಟಿಎಫ್ಇ ಎಂಬ ವಸ್ತುವಿನಿಂದ ಮಾಡಿದ ಕೊಳವೆಗೆ ನಿಟಿನಾಲ್ ಎಂಬ ನಿಕಲ್-ಟೈಟಾನಿಯಂ ಮಿಶ್ರಲೋಹದ ಅಂಕುಡೊಂಕು ಉಂಗುರಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಬಿಚ್ಚಿದಾಗ ಅದು ಮೂರು-ನಾಲ್ಕು ಸೆಂಟಿಮೀಟರ್ ಅಗಲ, ಒಂದು ಗೇಣಿನಷ್ಟು ಅಥವಾ ಅದಕ್ಕೂ ಕೊಂಚ ಕಡಿಮೆ ಉದ್ದ ಇರುತ್ತದೆ. ಅಷ್ಟು ಅಗಲದ ಕೊಳವೆಯನ್ನು ಮಡಚಿ, 6ರಿಂದ 8 ಮಿಲಿಮೀಟರ್ ದಪ್ಪದ, ಅಂದರೆ ಪೆನ್ಸಿಲ್ ಗಾತ್ರದ ನಳಿಕೆಯೊಳಗೆ ತುಂಬಿರುತ್ತಾರೆ. ನಿಟಿನಾಲ್‌ಗೆ ತನ್ನ ಮೂಲ ಆಕಾರಕ್ಕೆ ತಾನೇ ಮರಳುವ ಗುಣವಿದೆ. ಆದ್ದರಿಂದ ಹೊದಿಕೆಯನ್ನು ಹಿಂದಕ್ಕೆಳೆದ ಕೂಡಲೇ ಕೊಳವೆ ಅರಳಿ ನಾಳದ ಗೋಡೆಗೆ ಒತ್ತಿ ನಿಲ್ಲುತ್ತದೆ, ಅದನ್ನು ಹೊಲಿಯಬೇಕಾಗಿಲ್ಲ.

ಐಸಿಯುನಲ್ಲಿ ಮೂರು ದಿನದಿಂದ ಬರಿ ಬಿಪಿ ಇಳಿಸುತ್ತಿದ್ದಾರೆ. ಚಿಕಿತ್ಸೆ ಯಾವಾಗ ಶುರು?

ಚಿಕಿತ್ಸೆ ಆಗಲೇ ಶುರುವಾಗಿದೆ. ಸೀಳನ್ನು ಮುಂದಕ್ಕೆ ತಳ್ಳುವುದು ಒತ್ತಡ ಮತ್ತು ಪ್ರತಿ ಬಡಿತದ ರಭಸ. ಮೇಲಿನ ಬಿಪಿ 100ರಿಂದ 120ರ ನಡುವೆ, ನಾಡಿ ನಿಮಿಷಕ್ಕೆ 60ರ ಒಳಗೆ ಇರುವಂತೆ ಬೀಟಾ ಬ್ಲಾಕರ್ ವರ್ಗದ ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್ ಅನ್ನು ಪಂಪಿನ ಮೂಲಕ ಹನಿಹನಿಯಾಗಿ ಕೊಡುತ್ತಾರೆ, ನೋವಿಗೆ ಬಲವಾದ ಔಷಧ ಕೊಡುತ್ತಾರೆ. ಕೈಯ ನಾಳಕ್ಕೆ ಹಾಕಿದ ಸಣ್ಣ ನಳಿಕೆಯಿಂದ ಪ್ರತಿ ಬಡಿತದ ಒತ್ತಡವೂ ಪರದೆಯ ಮೇಲೆ ಕಾಣುತ್ತಿರುತ್ತದೆ. ತೊಡಕಿಲ್ಲದ ಬಿ ವಿಧದ ರೋಗಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಇಷ್ಟರಿಂದಲೇ ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಹೋಗುತ್ತಾರೆ. ಹೊರಗೆ ಕಾಯುವವರಿಗೆ ಏನೂ ನಡೆಯುತ್ತಿಲ್ಲವೆಂದು ಕಂಡರೂ, ಒಳಗೆ ದಾದಿಯರು ನಿಮಿಷ ನಿಮಿಷಕ್ಕೂ ಮಾಡುತ್ತಿರುವ ಈ ಕೆಲಸವನ್ನು ದಯವಿಟ್ಟು ಕಡೆಗಣಿಸಬೇಡಿ. ಭೇಟಿಯ ವೇಳೆಯಲ್ಲಿ ರೋಗಿಯ ಮುಂದೆ ಅಳುವುದು, ಜಮೀನಿನ ವ್ಯಾಜ್ಯ ಮಾತಾಡುವುದು ಬೇಡ. ಅದರ ಪರಿಣಾಮ ಆ ಪರದೆಯ ಮೇಲೆ ತಕ್ಷಣ ಕಾಣುತ್ತದೆ.

ಹಾಗಾದರೆ ಸ್ಟೆಂಟ್ ಗ್ರಾಫ್ಟ್ ಯಾರಿಗೆ ಬೇಕು?

ನಾಳ ಒಡೆದಿದ್ದರೆ ಅಥವಾ ಒಡೆಯುವ ಸೂಚನೆ ಕಂಡರೆ, ಕರುಳು, ಮೂತ್ರಪಿಂಡ, ಕಾಲು ಇವುಗಳಲ್ಲಿ ಯಾವುದಕ್ಕಾದರೂ ರಕ್ತ ಹೋಗುತ್ತಿಲ್ಲವಾದರೆ ತಡಮಾಡದೆ ಬೇಕು. ಔಷಧ ಕೊಟ್ಟರೂ ನೋವು ಅಥವಾ ಬಿಪಿ ತಗ್ಗದಿದ್ದರೆ, ಸ್ಕ್ಯಾನಿನಿಂದ ಸ್ಕ್ಯಾನಿಗೆ ನಾಳ ಬೇಗ ಬೇಗ ಉಬ್ಬುತ್ತಿದ್ದರೆ ಆಗಲೂ ಬೇಕಾಗುತ್ತದೆ.

ಇಂತಹ ಯಾವ ತೊಡಕೂ ಇಲ್ಲದವರ ವಿಚಾರದಲ್ಲಿ ವೈದ್ಯರಲ್ಲೇ ಚರ್ಚೆ ಇದೆ. ಯೂರೋಪಿನಲ್ಲಿ 140 ಮಂದಿ ಸ್ಥಿರವಾಗಿದ್ದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರಿ ಔಷಧ, ಇನ್ನೊಂದಕ್ಕೆ ಔಷಧದ ಜೊತೆ ಸ್ಟೆಂಟ್ ಗ್ರಾಫ್ಟ್ ಕೊಟ್ಟು ನೋಡಿದ ಇನ್‌ಸ್ಟೆಡ್ ಎಂಬ ಅಧ್ಯಯನದಲ್ಲಿ, ಎರಡು ವರ್ಷಗಳ ಮಟ್ಟಿಗೆ ಬದುಕುಳಿಯುವ ಪ್ರಮಾಣದಲ್ಲಿ ಪ್ರಯೋಜನ ಕಾಣಲಿಲ್ಲ. ಅದೇ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದಾಗ, ಮಹಾಪಧಮನಿಯ ಕಾರಣದಿಂದಾದ ಸಾವು ಔಷಧದ ಗುಂಪಿನಲ್ಲಿ ಶೇ. 19.3, ಸ್ಟೆಂಟ್ ಗುಂಪಿನಲ್ಲಿ ಶೇ. 6.9 ಎಂದು ತಿಳಿದುಬಂತು. ಅಂದರೆ ಲಾಭ ಇದೆ, ಅದು ತಡವಾಗಿ ಬರುತ್ತದೆ. ಅಪಾಯ ಮಾತ್ರ ಶಸ್ತ್ರಚಿಕಿತ್ಸೆಯ ದಿನವೇ ಎದುರಾಗುತ್ತದೆ. ಈ ಕಾರಣಕ್ಕೆ, ಮುಂದೆ ಉಬ್ಬುವ ಲಕ್ಷಣಗಳು ಸ್ಕ್ಯಾನಿನಲ್ಲಿ ಕಾಣುವವರಿಗೆ, ಮೊದಲ ಎರಡು ವಾರಗಳ ಬಿಸಿ ಇಳಿದ ಮೇಲೆ, ಮೂರು ತಿಂಗಳೊಳಗೆ ಸ್ಟೆಂಟ್ ಹಾಕುವುದನ್ನು ಅನೇಕ ವೈದ್ಯರು ಒಪ್ಪುತ್ತಾರೆ. ಆ ಹೊತ್ತಿಗೆ ಹರಿದ ಪದರ ತೀರ ಹಸಿಯಾಗಿಯೂ ಇರುವುದಿಲ್ಲ, ಗಟ್ಟಿಯಾಗಿಯೂ ಇರುವುದಿಲ್ಲ. ನನಗೂ ಈ ನಿಲುವು ಸಮಂಜಸವೆನಿಸುತ್ತದೆ. "ಈಗಲೇ ಹಾಕಿಬಿಡಿ" ಎಂದು ಒತ್ತಾಯಿಸುವ ಮುನ್ನ "ಕಾಯುವುದರಿಂದ ನಮ್ಮವರಿಗೆ ಏನು ಲಾಭ, ಏನು ನಷ್ಟ" ಎಂದು ಕೇಳಿ ತಿಳಿದುಕೊಳ್ಳಿ.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಮೊದಲ ಅರ್ಧ ಕೆಲಸ ನಡೆಯುವುದು ಕಂಪ್ಯೂಟರಿನ ಮುಂದೆ. ಸಿಟಿ ಆಂಜಿಯೋಗ್ರಾಮಿನ ಚಿತ್ರಗಳಲ್ಲಿ ನಾಳದ ಅಗಲವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, ಸೀಳಿನ ಬಾಯಿ ಎಲ್ಲಿದೆ, ಕೊಳವೆಯ ಮೇಲಿನ ತುದಿ ಕೂರಲು ಸುಮಾರು 2 ಸೆಂಟಿಮೀಟರಿನಷ್ಟು ಆರೋಗ್ಯವಂತ ಜಾಗ ಇದೆಯೇ, ತೊಡೆಯ ನಾಳ ನಳಿಕೆಯನ್ನು ಒಳಬಿಡುವಷ್ಟು ಅಗಲವಿದೆಯೇ ಎಂದು ನೋಡುತ್ತಾರೆ. ಸೀಳಿದ ನಾಳಕ್ಕೆ ತೀರ ದೊಡ್ಡ ಕೊಳವೆ ಹಾಕಿದರೆ ಅದು ಹೊಸ ಸೀಳು ಮಾಡಬಹುದು, ಚಿಕ್ಕದಾದರೆ ಪಕ್ಕದಿಂದ ರಕ್ತ ನುಸುಳುತ್ತದೆ.

ಬಹುತೇಕ ರೋಗಿಗಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ತೊಡೆಸಂದಿನಲ್ಲಿ ಸೂಜಿ ಚುಚ್ಚಿ ಅಥವಾ ಎರಡು ಅಂಗುಲ ಕೊಯ್ದು ತೊಡೆಯ ನಾಳವನ್ನು ತಲುಪುತ್ತಾರೆ. ಅಲ್ಲಿಂದ ಕೂದಲಿನಂತೆ ಬಾಗುವ ತಂತಿಯೊಂದು ಎಕ್ಸ್-ರೇ ಪರದೆಯ ಮೇಲೆ ಹಾವಿನಂತೆ ಮೇಲೇರುತ್ತದೆ. ಈ ಹಂತದಲ್ಲಿ ವೈದ್ಯರು ಅತಿ ಹೆಚ್ಚು ಎಚ್ಚರ ವಹಿಸುವ ವಿಚಾರ ಒಂದೇ: ತಂತಿ ಪೂರ್ತಿ ಉದ್ದಕ್ಕೂ ನಿಜವಾದ ದಾರಿಯಲ್ಲೇ ಇದೆಯೇ? ಸುಳ್ಳು ದಾರಿಗೆ ಹೊಕ್ಕ ತಂತಿಯ ಮೇಲೆ ಕೊಳವೆ ಬಿಡಿಸಿದರೆ ಅನಾಹುತವಾಗುತ್ತದೆ. ಆದ್ದರಿಂದ ಬಣ್ಣದ ದ್ರವ ಬಿಟ್ಟು ನೋಡುತ್ತಾರೆ. ಸೌಲಭ್ಯವಿರುವಲ್ಲಿ ನಾಳದೊಳಗೇ ಹೋಗುವ ಪುಟ್ಟ ಅಲ್ಟ್ರಾಸೌಂಡ್ ಕಣ್ಣಿನಿಂದ ಮತ್ತೊಮ್ಮೆ ಖಚಿತಪಡಿಸಿಕೊಳ್ಳುತ್ತಾರೆ. ನಂತರ ಮಡಚಿದ ಕೊಳವೆಯನ್ನು ಆ ತಂತಿಯ ಮೇಲೆ ಏರಿಸಿ, ಸೀಳಿನ ಬಾಯಿಗೆ ಅಡ್ಡವಾಗಿ ನಿಲ್ಲಿಸುತ್ತಾರೆ. ಬಿಡಿಸುವ ಗಳಿಗೆಯಲ್ಲಿ ಅರಿವಳಿಕೆ ತಜ್ಞರು ಬಿಪಿಯನ್ನು ಇನ್ನೂ ತಗ್ಗಿಸುತ್ತಾರೆ, ಉಸಿರಾಟದ ಯಂತ್ರವನ್ನು ಕೆಲವು ಕ್ಷಣ ನಿಲ್ಲಿಸುತ್ತಾರೆ. ರಕ್ತದ ರಭಸಕ್ಕೆ ಕೊಳವೆ ಹಾಯಿಯಂತೆ ಉಬ್ಬಿ ಮುಂದಕ್ಕೆ ಜಾರಬಾರದು, ಅದಕ್ಕಾಗಿ ಈ ಏರ್ಪಾಡು. ಪರದೆಯ ಮೇಲೆ ಉಂಗುರಗಳು ಒಂದರ ಹಿಂದೊಂದು ಅರಳುತ್ತವೆ, ಮತ್ತೆ ಬಣ್ಣ ಬಿಟ್ಟಾಗ ಕೂದಲೆಳೆಯಂತೆ ಅಮುಕಿಹೋಗಿದ್ದ ನಿಜವಾದ ದಾರಿ ತುಂಬಿಕೊಳ್ಳುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ಗಂಟೆ ಹಿಡಿಯಬಹುದು.

ಸುಳ್ಳು ದಾರಿಯಲ್ಲಿ ಉಳಿದ ರಕ್ತ ಏನಾಗುತ್ತದೆ?

ಬಾಯಿ ಮುಚ್ಚಿದ ಮೇಲೆ ಕೊಳವೆಯ ಹಿಂದಿನ ರಕ್ತ ಹರಿವಿಲ್ಲದೆ ನಿಂತು ಹೆಪ್ಪುಗಟ್ಟುತ್ತದೆ, ತಿಂಗಳುಗಳಲ್ಲಿ ಕುಗ್ಗುತ್ತದೆ. ಆ ಹೆಪ್ಪನ್ನು ತೆಗೆಯಬೇಕಾಗಿಲ್ಲ. ಅಲ್ಲಿ ಹೆಪ್ಪುಗಟ್ಟುವುದೇ ಬೇಕಾದ ಫಲ. ಆದರೆ ಕೊಳವೆಯ ಕೆಳಗೆ, ಹೊಟ್ಟೆಯ ಭಾಗದಲ್ಲಿ, ಸಣ್ಣ ಸಣ್ಣ ಬಾಯಿಗಳು ಉಳಿದಿರುವುದು ಸಾಮಾನ್ಯ. ಅವುಗಳ ಮೂಲಕ ಸುಳ್ಳು ದಾರಿಗೆ ರಕ್ತ ಹೋಗುತ್ತಲೇ ಇರಬಹುದು. ಕೆಲವು ವರ್ಷಗಳ ನಂತರ ಆ ಭಾಗ ಉಬ್ಬಿದರೆ ಮತ್ತೊಂದು ಚಿಕಿತ್ಸೆ ಬೇಕಾಗುತ್ತದೆ.

ಸಹಿ ಮಾಡಿಸುವಾಗ ಕಾಲಿನ ಶಕ್ತಿ ಹೋಗಬಹುದು ಎಂದರು. ತೊಡೆಯಿಂದ ಮಾಡುವ ಚಿಕಿತ್ಸೆಗೆ ಇದೇಕೆ?

ಈ ಪ್ರಶ್ನೆ ಕೇಳುವಾಗ ಮನೆಯವರ ಮುಖದಲ್ಲಿ ಕಾಣುವ ಗಾಬರಿ ನ್ಯಾಯವಾದದ್ದೇ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ನಾಳಗಳು ಮಹಾಪಧಮನಿಯ ಹಿಂಭಾಗದಿಂದ ಹೊರಡುತ್ತವೆ. ಕೊಳವೆ ಕೂರಿಸಿದಾಗ ಅವುಗಳಲ್ಲಿ ಕೆಲವು ಮುಚ್ಚಿಹೋಗುವುದು ಅನಿವಾರ್ಯ. ಹೆಚ್ಚಿನವರಲ್ಲಿ ಅಕ್ಕಪಕ್ಕದ ನಾಳಗಳು ಆ ಕೊರತೆಯನ್ನು ತುಂಬುತ್ತವೆ. ನೂರರಲ್ಲಿ ಎರಡರಿಂದ ಐದು ಮಂದಿಯಲ್ಲಿ ಮಾತ್ರ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ದುರ್ಬಲವಾಗಬಹುದು. ಉದ್ದವಾದ ಕೊಳವೆ ಹಾಕಿದವರಲ್ಲಿ, ಈ ಹಿಂದೆ ಹೊಟ್ಟೆಯ ಮಹಾಪಧಮನಿಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಇದರ ಸಂಭವ ಹೆಚ್ಚು.

ಆದ್ದರಿಂದಲೇ ಚಿಕಿತ್ಸೆ ಮುಗಿದ ರಾತ್ರಿ, ಗಂಟೆಗೊಮ್ಮೆ ದಾದಿ ಹಾಸಿಗೆಯ ಕಾಲ ಬದಿಗೆ ಬಂದು, ಹೊದಿಕೆ ಸರಿಸಿ, "ಕಾಲ್ಬೆರಳು ಅಲ್ಲಾಡಿಸಿ ನೋಡೋಣ, ಈಗ ಮಂಡಿ ಮಡಚಿ" ಎನ್ನುತ್ತಾರೆ. ನಿದ್ದೆಗೆಡಿಸಿದರೆಂದು ಬೇಸರಿಸಬೇಡಿ. ಬಲ ಕುಗ್ಗಿದ್ದು ಆ ಗಂಟೆಯಲ್ಲೇ ಗೊತ್ತಾದರೆ, ಬಿಪಿಯನ್ನು ಬೇಕೆಂದೇ ಕೊಂಚ ಏರಿಸಿ, ಸೊಂಟದಲ್ಲಿ ಸಣ್ಣ ನಳಿಕೆ ಇಟ್ಟು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ಹೊರತೆಗೆದು, ಹುರಿಗೆ ಮತ್ತೆ ರಕ್ತ ಹರಿಯುವಂತೆ ಮಾಡಬಹುದು. ಹೀಗೆ ಶಕ್ತಿ ಮರಳಿ ಬಂದವರಿದ್ದಾರೆ. ಕಾಲಿನ ಬಲ ಕುಗ್ಗುವುದು ಒಂದೆರಡು ದಿನ ತಡವಾಗಿಯೂ ಬರಬಹುದಾದ ಕಾರಣ, ವಾರ್ಡಿಗೆ ಬಂದ ಮೇಲೂ ಮನೆಯವರು ಗಮನಿಸುತ್ತಿರಬೇಕು.

ಉಳಿದ ಅಪಾಯಗಳೂ ಇವೆ: ಪಾರ್ಶ್ವವಾಯು, ಬಣ್ಣದ ದ್ರವದಿಂದ ಮೂತ್ರಪಿಂಡಕ್ಕೆ ತೊಂದರೆ, ತೊಡೆಯ ನಾಳಕ್ಕೆ ಗಾಯ, ಕೊಳವೆಯ ಪಕ್ಕದಿಂದ ರಕ್ತ ನುಸುಳುವುದು. ಕೊಳವೆಯ ಮೇಲಿನ ತುದಿಯಿಂದ ಸೀಳು ಹಿಂದಕ್ಕೆ ಹೃದಯದ ಕಡೆಗೆ ಹಬ್ಬುವುದು ಅಪರೂಪ, ಆದರೆ ಅತಿ ಗಂಭೀರ. ಆಗ ಎದೆ ತೆರೆಯಲೇಬೇಕಾಗುತ್ತದೆ.

ಎಡಗೈಗೆ ಹೋಗುವ ನಾಳವನ್ನು ಮುಚ್ಚುತ್ತೇವೆ ಎಂದರು. ಕೈ ಏನಾಗುತ್ತದೆ?

ಬಿ ವಿಧದಲ್ಲಿ ಸೀಳಿನ ಬಾಯಿ ಬಹಳ ಸಲ ಎಡಗೈಯ ನಾಳಕ್ಕೆ ತಾಗಿಕೊಂಡೇ ಇರುತ್ತದೆ. ಕೊಳವೆಗೆ ನೆಲೆ ಸಿಗಬೇಕಾದರೆ ಆ ನಾಳದ ಬಾಯಿಯನ್ನೂ ಮುಚ್ಚಬೇಕಾಗಬಹುದು. ಅದೇ ನಾಳದಿಂದ ಮಿದುಳಿನ ಹಿಂಭಾಗಕ್ಕೂ ಬೆನ್ನುಹುರಿಗೂ ಕವಲುಗಳು ಹೋಗುವುದರಿಂದ, ಸಮಯವಿದ್ದರೆ ಮೊದಲೇ ಕುತ್ತಿಗೆಯ ನಾಳದಿಂದ ತೋಳಿನ ನಾಳಕ್ಕೆ ಬೈಪಾಸ್ ಮಾಡುತ್ತಾರೆ. ಹೃದಯದ ಬೈಪಾಸ್‌ನಲ್ಲಿ ಎಡ ಎದೆಯ ನಾಳವನ್ನು ಬಳಸಿದವರಿಗೆ ಇದು ಕಡ್ಡಾಯ. ನಿಮ್ಮವರಿಗೆ ಹಿಂದೆ ಬೈಪಾಸ್ ಆಗಿದ್ದರೆ ಆ ಕಾಗದಪತ್ರಗಳನ್ನು ಊರಿನಿಂದ ತರಿಸಿಕೊಳ್ಳಿ.

ಅಪಘಾತದಲ್ಲಿ ಹರಿದ ಮಹಾಪಧಮನಿಗೂ ಇದೇ ಚಿಕಿತ್ಸೆಯೇ?

ಹೌದು, ನಾಳದ ರಚನೆ ಹೊಂದಿಕೆಯಾದರೆ ಈಗ ಇದೇ ಮೊದಲ ಆಯ್ಕೆ. ವೇಗವಾಗಿ ಹೋಗುತ್ತಿದ್ದ ವಾಹನ ಥಟ್ಟನೆ ನಿಂತಾಗ ಕಟ್ಟುಗಳಿಂದ ಬಿಗಿದಿರುವ ಭಾಗ ನಿಂತು, ಸಡಿಲವಾಗಿರುವ ಭಾಗ ಮುಂದಕ್ಕೆ ಎಸೆದಂತಾಗಿ, ಎಡಗೈಯ ನಾಳದ ಆಚೆಗಿನ ಬಾಗಿನಲ್ಲಿ ಗೋಡೆ ಹರಿಯುತ್ತದೆ. ತಲೆಗೆ, ಹೊಟ್ಟೆಗೆ ಪೆಟ್ಟು ಬಿದ್ದು ರಕ್ತಸ್ರಾವವಾಗುತ್ತಿರುವ ರೋಗಿಯ ಎದೆ ತೆರೆಯುವುದಕ್ಕಿಂತ ಇದು ಎಷ್ಟೋ ಹಗುರ.

ಇದು ಹೊಸ ಪ್ರಯೋಗವೇ?

ಅಲ್ಲ. ಅಮೆರಿಕದ ಹ್ಯೂಸ್ಟನ್ನಿನ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ 1950ರ ದಶಕದಲ್ಲಿ ಅಂಗಡಿಯಿಂದ ತಂದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದು ರಕ್ತನಾಳಕ್ಕೆ ಜೋಡಿಸುವುದನ್ನು ಆರಂಭಿಸಿದರು. ಅದೇ ಬಟ್ಟೆ ಇಂದಿನ ಅನೇಕ ಸ್ಟೆಂಟ್ ಗ್ರಾಫ್ಟ್‌ಗಳಲ್ಲೂ ಇದೆ. ಉಕ್ರೇನಿನ ಹಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೊಸ್ 1987ರಲ್ಲಿ ಎದೆಯ ಮಹಾಪಧಮನಿಗೆ ಒಳಗಿನಿಂದಲೇ ಕೊಳವೆ ಹಾಕಿದರು. ಅರ್ಜೆಂಟೀನಾದ ಹ್ವಾನ್ ಪರೋಡಿ 1990ರಲ್ಲಿ ಹೊಟ್ಟೆಯ ಮಹಾಪಧಮನಿಗೆ ಹಾಕಿದರು. ಸೀಳಿಗೆ ಈ ಚಿಕಿತ್ಸೆ ಫಲಕಾರಿ ಎಂಬ ಮೊದಲ ಮುಖ್ಯ ವರದಿಗಳು 1999ರಲ್ಲಿ ಬಂದವು. ಸೀಳುಗಳ ಇನ್ನೊಂದು ವಿಂಗಡಣೆಗೆ ತಮ್ಮ ಹೆಸರನ್ನೇ ಕೊಟ್ಟ ಡಿಬೇಕಿ ಅವರಿಗೆ 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಇದೇ ಕಾಯಿಲೆ ಬಂತು. ಅವರ ಸೀಳು ಮೇಲೇರುವ ಭಾಗದಲ್ಲಿದ್ದುದರಿಂದ ಎದೆ ತೆರೆದೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಚೇತರಿಸಿಕೊಂಡು 2008ರವರೆಗೆ ಬದುಕಿದರು.

ಖರ್ಚು ಎಷ್ಟಾಗಬಹುದು? ಸರ್ಕಾರಿ ಯೋಜನೆ ಸಿಗುತ್ತದೆಯೇ?

ಬಿಲ್ಲಿನಲ್ಲಿ ಅತಿ ದೊಡ್ಡ ಪಾಲು ಕೊಳವೆಯದೇ. ಆದ್ದರಿಂದ ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು ಕೊಳವೆ ಸಾಕೇ, ಎರಡು ಬೇಕಾಗಬಹುದೇ, ಕೈಯ ಬೈಪಾಸ್ ಸೇರಿದೆಯೇ, ಐಸಿಯು ಎಷ್ಟು ದಿನದ ಲೆಕ್ಕ ಎಂದು ಬಿಡಿಬಿಡಿಯಾಗಿ ಕೇಳಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವು ಎಂದು ಯೋಜನೆ ರೂಪುಗೊಂಡಿದೆ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರ ಬಳಿ ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಹೋಗಿ, ನಿಮ್ಮವರ ಚಿಕಿತ್ಸೆಗೆ ಯಾವ ಪ್ಯಾಕೇಜ್ ಅನ್ವಯಿಸುತ್ತದೆ, ಕೊಳವೆಯ ಬೆಲೆ ಅದರಲ್ಲಿ ಸೇರಿದೆಯೇ ಎಂಬೆರಡನ್ನು ಸ್ಪಷ್ಟಪಡಿಸಿಕೊಳ್ಳಿ. ಸ್ಥಿರವಾಗಿರುವ ರೋಗಿಗೆ ಕೆಲವು ದಿನಗಳ ಸಮಯ ಇರುತ್ತದೆ. ಗಾಬರಿಯಲ್ಲಿ ಒಡವೆ ಅಡವಿಡುವ ಮೊದಲು ಈ ವಿಚಾರಣೆ ಮುಗಿಸಿಕೊಳ್ಳುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ಏನೇನು ಮಾಡಬಹುದು, ಏನೇನು ಕೂಡದು?

ಸಾಮಾನ್ಯವಾಗಿ ಒಂದು ವಾರದೊಳಗೆ ಮನೆಗೆ ಕಳಿಸುತ್ತಾರೆ. ಮೊದಲ ಕೆಲವು ದಿನ ಸಣ್ಣ ಜ್ವರ, ಸುಸ್ತು ಬರಬಹುದು. ಕೊಳವೆಯನ್ನು ಕಂಡು ದೇಹ ತೋರುವ ಪ್ರತಿಕ್ರಿಯೆ ಅದು. ಜ್ವರ ಏರಿದರೆ, ನಡುಕ ಬಂದರೆ, ತೊಡೆಸಂದಿಯಲ್ಲಿ ಕೆಂಪಾಗಿ ಕೀವು ಕಂಡರೆ ಮಾತ್ರ ತಡಮಾಡದೆ ತೋರಿಸಿ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುವುದನ್ನು ಮೊದಲ ವಾರದಿಂದಲೇ ಆರಂಭಿಸಿ, ದಿನಕ್ಕೆ ಅರ್ಧ ಗಂಟೆಗೆ ಏರಿಸಬಹುದು.

ಉಸಿರು ಬಿಗಿಹಿಡಿದು ಎತ್ತುವ, ತಳ್ಳುವ ಕೆಲಸಗಳನ್ನು ಶಾಶ್ವತವಾಗಿ ಬಿಡಬೇಕು. ಗೊಬ್ಬರದ ಮೂಟೆ, ತುಂಬಿದ ಗ್ಯಾಸ್ ಸಿಲಿಂಡರ್, ಕೆಸರಿಗೆ ಸಿಕ್ಕಿದ ಬೈಕು ಇವನ್ನು ಇನ್ನು ಬೇರೆಯವರು ಎತ್ತಲಿ. ಆ ಕ್ಷಣದಲ್ಲಿ ಬಿಪಿ 200 ದಾಟಿ ಹಾರಬಹುದು. ಮಲಬದ್ಧತೆಯಿಂದ ಮುಕ್ಕರಿಯುವುದೂ ಅದೇ ಜಾತಿಯ ಶ್ರಮ. ಹಣ್ಣು, ಸೊಪ್ಪು, ನೀರು ಸಾಲದಿದ್ದರೆ ಔಷಧ ಕೇಳಿ ಪಡೆಯಿರಿ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ತಟ್ಟೆಯಿಂದ ಹೋಗಬೇಕು. ಬೀಡಿ, ಸಿಗರೇಟಿನ ವಿಚಾರದಲ್ಲಿ ರಾಜಿ ಇಲ್ಲ.

ಸೀಳು ಮುಚ್ಚಿದ ಮೇಲೂ ಬಿಪಿ ಮಾತ್ರೆ ಬೇಕೇ?

ಜೀವನಪೂರ್ತಿ ಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ ಎನ್ನುತ್ತೇನೆ. ಕೊಳವೆ ಮುಚ್ಚಿದ್ದು ಒಂದು ಬಾಯಿಯನ್ನು. ಅದರ ಮೇಲೂ ಕೆಳಗೂ ಇರುವುದು ಅದೇ ದುರ್ಬಲ ಗೋಡೆ, ಅದರ ಮೇಲೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವುದು ಅದೇ ಹೃದಯ. ಬಿಪಿ 130/80ರ ಒಳಗೆ ಇರುವುದು ಗುರಿ. ತಲೆಸುತ್ತು ಇಲ್ಲ, ಆರಾಮಾಗಿದ್ದೇನೆ ಎಂಬುದು ಬಿಪಿ ಸರಿಯಿದೆ ಎನ್ನಲು ಸಾಕ್ಷಿಯಾಗದು. ತೋಳಿಗೆ ಕಟ್ಟುವ ಯಂತ್ರವೊಂದನ್ನು ಕೊಂಡು, ಬೆಳಿಗ್ಗೆ ಮತ್ತು ಸಂಜೆ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿ, ನೋಟ್ ಪುಸ್ತಕದಲ್ಲಿ ಬರೆದಿಡಿ. ಎಡಗೈಯ ನಾಳ ಮುಚ್ಚಿದ್ದರೆ ಎಡದಲ್ಲಿ ಅಂಕ ಕಡಿಮೆ ಬರುತ್ತದೆ, ಅದನ್ನು ನಂಬದೆ ಬಲಗೈಯಲ್ಲೇ ನೋಡಬೇಕು. ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನಾಡಿ ಮತ್ತು ಬಿಪಿ ಮೊದಲಿಗಿಂತ ರಭಸವಾಗಿ ಏರಬಹುದು. ಮದುವೆ, ಜಾತ್ರೆ, ಉಪವಾಸ, ಪರಸ್ಥಳದ ಪ್ರಯಾಣ ಬಂದಾಗ ಮಾತ್ರೆ ತಪ್ಪುವುದು ಹೆಚ್ಚು. ಹೊರಡುವ ಚೀಲಕ್ಕೆ ಮೊದಲು ಹಾಕಬೇಕಾದದ್ದು ಮಾತ್ರೆಯ ಡಬ್ಬಿಯನ್ನೇ.

ಬೇರೆ ಔಷಧಗಳ ವಿಚಾರದಲ್ಲಿ ಎಚ್ಚರ ಬೇಕೇ?

ಎರಡು ವಿಚಾರ ನೆನಪಿಡಿ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ವರ್ಗದ ಆಂಟಿಬಯಾಟಿಕ್‌ಗಳಿಂದ ಮಹಾಪಧಮನಿ ಸೀಳುವ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಮೂತ್ರದ ಸೋಂಕು, ಭೇದಿ ಎಂದು ಯಾವ ವೈದ್ಯರ ಬಳಿ ಹೋದರೂ ನಿಮ್ಮ ಕಾಯಿಲೆಯ ಹೆಸರನ್ನು ಮೊದಲು ಹೇಳಿ. ಹಲ್ಲಿನ ವೈದ್ಯರಿಗೂ ಹೇಳಿ.

ಆರಾಮಾಗಿದ್ದರೂ ಪದೇ ಪದೇ ಸ್ಕ್ಯಾನ್ ಏಕೆ?

ಗೋಡೆ ಉಬ್ಬುವುದು ಸದ್ದಿಲ್ಲದೆ ನಡೆಯುತ್ತದೆ, ನೋವೂ ಕೊಡುವುದಿಲ್ಲ. ಸಾಮಾನ್ಯವಾಗಿ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್ ಮಾಡಿ ಹಳೆಯದರೊಂದಿಗೆ ಹೋಲಿಸುತ್ತಾರೆ. ಹೋಲಿಕೆಗೆ ಹಳೆಯ ಸಿಡಿ ಬೇಕು. ವರದಿಯ ಕಾಗದವೊಂದೇ ಸಾಲದು. ಎಲ್ಲ ಸಿಡಿಗಳನ್ನೂ ಡಿಸ್ಚಾರ್ಜ್ ಪತ್ರವನ್ನೂ ಕೊಳವೆಯ ವಿವರವಿರುವ ಕಾರ್ಡನ್ನೂ ಒಂದೇ ಚೀಲದಲ್ಲಿಡಿ. ಮುಂದೆ ಎಂಆರ್‌ಐ ಬೇಕಾದಾಗಲೂ ಆ ಕಾರ್ಡನ್ನೇ ತೋರಿಸಬೇಕು. ನಿಟಿನಾಲ್ ಕೊಳವೆಗಳಿದ್ದವರಿಗೆ ತಯಾರಕರು ಹೇಳಿದ ನಿಯಮದೊಳಗೆ ಎಂಆರ್‌ಐ ಮಾಡಬಹುದು.

ಮಕ್ಕಳಿಗೂ ತಪಾಸಣೆ ಮಾಡಿಸಬೇಕೇ?

ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ, ಮಾರ್ಫಾನ್ ಲಕ್ಷಣಗಳಿದ್ದರೆ, ಅಥವಾ ಮನೆತನದಲ್ಲಿ ಇನ್ನೊಬ್ಬರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೆ ಎಕೋ ಮಾಡಿಸಿ, ವೈದ್ಯರು ಸೂಚಿಸಿದರೆ ಸ್ಕ್ಯಾನ್ ಮಾಡಿಸಿ ಮಹಾಪಧಮನಿಯ ಅಗಲ ನೋಡಿಸಬೇಕು. ಉಳಿದವರು ಕನಿಷ್ಠ ಬಿಪಿಯನ್ನಾದರೂ ನೋಡಿಸಿಕೊಳ್ಳಲಿ.

ಮನೆಯಲ್ಲಿರುವಾಗ ಯಾವ ಲಕ್ಷಣ ಕಂಡರೆ ಕಾಯಬಾರದು?

ಮೊದಲ ಸಲದಂತೆಯೇ ಎದೆ ಅಥವಾ ಬೆನ್ನಿನಲ್ಲಿ ಥಟ್ಟನೆ ಬಂದ ನೋವು, ಕಾಲಿನ ಬಲ ಕುಗ್ಗುವುದು ಅಥವಾ ಮರಗಟ್ಟುವುದು, ಕಾಲು ಬಿಳಿಚಿ ತಣ್ಣಗಾಗುವುದು, ಊಟದ ನಂತರ ತೀವ್ರವಾದ ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಕೆಮ್ಮಿದಾಗ ರಕ್ತ ಬರುವುದು. ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನ ಮೇಲೆ ಕೂರಿಸಿಕೊಂಡು ಹೋಗಬೇಡಿ. ಸಾಧ್ಯವಾದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯುವಂತೆ ಕೇಳಿಕೊಳ್ಳಿ. ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು "ಎದೆನೋವು" ಎಂದಾಗಬಾರದು. "ಇವರಿಗೆ ಅಯೋರ್ಟಿಕ್ ಡಿಸೆಕ್ಷನ್ ಆಗಿತ್ತು, ಸ್ಟೆಂಟ್ ಗ್ರಾಫ್ಟ್ ಹಾಕಿದ್ದಾರೆ, ಸ್ಕ್ಯಾನಿನ ಸಿಡಿ ಇಲ್ಲಿದೆ" ಎಂದು ಹೇಳಿ ಆ ಚೀಲವನ್ನು ವೈದ್ಯರ ಕೈಗೆ ಕೊಡಿ.